ಮುತ್ತನ ಸ್ಕೂಟರಿಗೆ ಹೀಟರ್ ಗ್ರಿಪ್

ಹೆಮ್ಮಾಡಿ ಪೇಟೆಯಲ್ಲಿ ಹೆದ್ದಾರಿ ಅಗಲ ಮಾಡುವಾಗ ಉಳಿದುಕೊಂಡ ನಾಲ್ಕೈದು ಹಳೆಯ ಅಂಗಡಿಗಳಲ್ಲಿ ಭೋಜರಾಜ ಶೆಟ್ಟಿಯದೂ ಒಂದು. ಬೈಕು, ಸ್ಕೂಟರು, ರಿಕ್ಷಾಗಳ ವಯರಿಂಗ್ ಬಿಟ್ಟು ಬೇರೆ ಕೆಲಸವನ್ನು ಅವನು ಮುಟ್ಟುವುದಿಲ್ಲ. ಇಂಜಿನ್ ಬಿಚ್ಚಬೇಕೆಂದರೆ ಪಕ್ಕದ ಗ್ಯಾರೇಜಿಗೆ ಕಳಿಸುತ್ತಾನೆ. ಹುಟ್ಟಿದ್ದು ಕೆರಾಡಿಯಲ್ಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಾವನ ಜೊತೆ ಮುಂಬೈಗೆ ಹೋಗಿ, ಎರಡು ವರ್ಷ ಹೋಟೆಲಿನಲ್ಲಿ ತಟ್ಟೆ ತೊಳೆದು, ಆಮೇಲೆ ಕುರ್ಲಾದ ಟ್ಯಾಕ್ಸಿ ಗ್ಯಾರೇಜೊಂದಕ್ಕೆ ಸೇರಿ ಹದಿನಾಲ್ಕು ವರ್ಷ ವಯರು ಜೋಡಿಸಿದ. ಅಲ್ಲಿನ ಮುದುಕ ಮಿಸ್ತ್ರಿ ಕಲಿಸಿದ್ದನ್ನು ಅವನು ಈಗಲೂ ಬಿಟ್ಟಿಲ್ಲ. ಎರಡು ವಯರನ್ನು ತಿರುಚಿ ಟೇಪು ಸುತ್ತಿ ಕೈತೊಳೆದುಕೊಳ್ಳಬಾರದು, ಬೆಸುಗೆ ಹಾಕಬೇಕು, ಅದರ ಮೇಲೆ ಪ್ಲಾಸ್ಟಿಕ್ ಸ್ಲೀವ್ ಏರಿಸಬೇಕು. ಭೋಜಣ್ಣ ಕಟ್ಟಿದ ವಯರು ಗಾಡಿ ಗುಜರಿಗೆ ಹೋದರೂ ಬಿಡುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರು. ಅದನ್ನು ಕೇಳಿದಾಗ ಅವನು ತಲೆ ಎತ್ತುತ್ತಿರಲಿಲ್ಲ. ಆದರೆ ಆ ಮಾತಿನ ಮೇಲೆ ಅವನಿಗೆ ಎಷ್ಟು ಆಸೆಯಿತ್ತೆಂಬುದು ಹೆಂಡತಿ ಗಿರಿಜಾಗೆ ಗೊತ್ತಿತ್ತು. ಅವನಿಗೆ ಗೊತ್ತಾದದ್ದು ಐವತ್ತೆರಡನೇ ವಯಸ್ಸಿನಲ್ಲಿ.

ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಗಂಗೊಳ್ಳಿಯ ಮುತ್ತ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಅಂಗಡಿಗೆ ಬಂದ. ಮುತ್ತ ಮೀನು ಮಾರುವವನು. ಬೆಳಗಾಗುವ ಮೊದಲೇ ಬಂದರಿನ ಹರಾಜಿನಲ್ಲಿ ಮೀನು ಕೊಂಡು, ಸ್ಕೂಟರಿನ ಹಿಂದೆ ಕಟ್ಟಿದ ಪೆಟ್ಟಿಗೆಗೆ ಐಸು ತುಂಬಿ, ಹೆಮ್ಮಾಡಿ ದಾಟಿ ವಂಡ್ಸೆ ಮೇಲಿಂದ ಕೆರಾಡಿಯವರೆಗೆ ಮನೆ ಮನೆಯೆದುರು ಹಾರನ್ ಹೊಡೆಯುತ್ತ ಹೋಗುವುದು ಅವನ ಕೆಲಸ. ಭೋಜರಾಜನ ಅಕ್ಕ ಉಮಾವತಿಯ ಮನೆ ಅವನ ಕೊನೆಯ ನಿಲ್ದಾಣ. ಹದಿನೆಂಟು ವರ್ಷದಿಂದ ಆ ಮನೆಯವರು ತಿಂದದ್ದು ಮುತ್ತನ ಬಂಗುಡೆ, ಮುತ್ತನ ಕಾಣೆ ಮೀನು.

"ಹ್ವಾಯ್ ಭೋಜಣ್ಣ, ಇದೊಂದ್ ಹಾಕಿ ಕೊಡುಕಾತ್ತಾ?"

"ಎಂತ ಅದ್?"

"ಹ್ಯಾಂಡಲ್ ಬಿಸಿ ಮಾಡುದಂಬ್ರ್. ನಮ್ ಮಗಳ್ ಧನ್ಯಶ್ರೀ ಮೊಬೈಲಂಗೆ ಕಂಡ್ ತರ್ಸಿದ್ದ್. ಬೆಳಿಗ್ಗೆ ಚಳಿಗೆ ಕೈ ಸತ್ತೇ ಹೋತ್ತ್ ಕಾಣಿ. ಬ್ರೇಕ್ ಹಿಡದ್ದೇ ಗೊತ್ತಾತಿಲ್ಲ. ಮೊನ್ನೆ ಚಿತ್ತೂರ್ ತಿರ್ಗಾಸಂಗೆ ಬೀಳುದೊಂದ್ ಬಾಕಿ."

"ಐಸಂಗೆ ಕೈ ಹಾಕಿ ಹಾಕಿ ಹಾಂಗಾದ್ದಾ?"

"ಹೌದಾಯ್ಕ್. ಸಣ್ಣಂದಿನಿಂದ ಅದೇ ಕೆಲ್ಸ ಅಲ್ದಾ."

ಅಂಥ ಹಿಡಿಯನ್ನು ಭೋಜರಾಜ ನೋಡಿದ್ದು ಒಂದೇ ಸಲ, ಲಡಾಖಿಗೆ ಹೋಗಿ ಬಂದ ದೊಡ್ಡ ಬೈಕೊಂದರಲ್ಲಿ. ನಮ್ಮ ಕರಾವಳಿಯಲ್ಲಿ ಬೆವರು ಒರೆಸುವುದಕ್ಕೇ ಎರಡು ಕೈ ಸಾಲುವುದಿಲ್ಲ, ಬಿಸಿ ಹಿಡಿ ಯಾರಿಗೆ ಬೇಕು? ಆದರೂ ಕಾಡಂಚಿನ ಆ ದಾರಿಯಲ್ಲಿ ಡಿಸೆಂಬರ್ ಬೆಳಗಿನ ಮಂಜು ಹೇಗೆ ಕೊರೆಯುತ್ತದೆಂದು ಅಲ್ಲೇ ಹುಟ್ಟಿದವನಿಗೆ ಗೊತ್ತಿತ್ತು. ಒಪ್ಪಿಕೊಂಡ.

ಕೆಲಸ ಅರ್ಧ ದಿನ ಹಿಡಿಯಿತು. ಹಳೆಯ ರಬ್ಬರ್ ಹಿಡಿಗಳನ್ನು ಬ್ಲೇಡಿನಿಂದ ಸೀಳಿ ತೆಗೆದ. ಹ್ಯಾಂಡಲಿಗೆ ಅಂಟಿದ್ದ ಗೋಂದನ್ನೂ ಮೀನಿನ ಜಿಡ್ಡನ್ನೂ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದ. ಎಡಗಡೆಯದು ಸುಲಭ. ಬಲಗಡೆಯದು ಆಕ್ಸಿಲರೇಟರ್, ತಿರುಗಿಸಿದಾಗ ವಯರು ಎಳೆಯಬಾರದು, ಎಲ್ಲಾದರೂ ಸಿಕ್ಕಿಕೊಂಡು ಹಿಡಿ ಹಿಂದೆ ಬಾರದೆ ನಿಲ್ಲಲೂಬಾರದು. ಅದಕ್ಕಾಗಿ ಒಂದು ಸುತ್ತು ವಯರನ್ನು ಸಡಿಲ ಬಿಟ್ಟು ಹತ್ತು ಸಲ ತಿರುಗಿಸಿ ನೋಡಿದ. ಚಾವಿ ಹಾಕಿದಾಗ ಮಾತ್ರ ಕರೆಂಟು ಹೋಗುವಂತೆ ರಿಲೇ ಇಟ್ಟ. ಬ್ಯಾಟರಿಯ ಹತ್ತಿರ ಫ್ಯೂಸ್ ಹಾಕಿದ. ಜೊತೆಗೆ ಬಂದಿದ್ದ, ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ಹೆಡ್‌ಲೈಟಿನ ಹಿಂದೆ ಕೂರಿಸಿದ. ಹಿಡಿ ಅತಿಯಾಗಿ ಕಾಯದಂತೆ ಆಗಾಗ ಕರೆಂಟು ಕಡಿಯುವುದು ಆ ಡಬ್ಬಿಯ ಕೆಲಸ. ಸಂಜೆ ಮುತ್ತ ಬಂದು ಸ್ಕೂಟರ್ ಒಯ್ದ.

ನಾಲ್ಕನೇ ದಿನ ವಾಪಸು ಬಂದ.

"ಬಿಸಿಯೇ ಆತಿಲ್ಲ ಭೋಜಣ್ಣ."

ಭೋಜರಾಜ ಚಾವಿ ಹಾಕಿ, ಐದು ನಿಮಿಷ ಇಂಜಿನ್ ಓಡಿಸಿ, ಹಿಡಿಗಳ ಮೇಲೆ ಕೈಯಿಟ್ಟ. ಆಗಷ್ಟೇ ಚಹಾ ಹೊಯ್ದ ಲೋಟದಷ್ಟು ಬಿಸಿಯಾಗಿತ್ತು. "ಹಿಡ್ದ್ ಕಾಣ್" ಎಂದ. ಮುತ್ತ ಹಿಡಿದ. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಒಂಚೂರ್ ಆಯ್ತೇನೋ. ಗಾಡಿ ಹೋಪತಿಗೆ ಎಂತದೂ ಗೊತ್ತಾತಿಲ್ಲ. ಇನ್ನೂ ಜಾಸ್ತಿ ಮಾಡುಕಾತಿಲ್ಯಾ?"

ಗಾಳಿಗೆ ಬಿಸಿ ಹಾರಿಹೋಗುತ್ತಿರಬೇಕು ಎಂದು ಭೋಜರಾಜ ಲೆಕ್ಕ ಹಾಕಿದ. ತಾನು ಮಾಡಿದ ಕೆಲಸ ಸಾಲದೆಂದು ಗಿರಾಕಿ ವಾಪಸು ಬಂದದ್ದೇ ಅವನಿಗೆ ಒಳಗೊಳಗೆ ಚುಚ್ಚುತ್ತಿತ್ತು. ಅವನು ಕಪ್ಪು ಡಬ್ಬಿಯನ್ನು ಕಳಚಿ, ರಿಲೇಯಿಂದ ಹಿಡಿಗಳಿಗೆ ನೇರ ವಯರು ಎಳೆದ. ಈಗ ಚಾವಿ ಹಾಕಿದಷ್ಟು ಹೊತ್ತೂ ಪೂರ್ತಿ ಕರೆಂಟು. ಪರೀಕ್ಷೆಗೆ ಕೈಯಿಟ್ಟಾಗ ಹತ್ತು ಎಣಿಸುವಷ್ಟು ಹೊತ್ತೂ ಅವನಿಗೆ ಹಿಡಿದಿರಲಾಗಲಿಲ್ಲ. ನನಗೆ ಇಷ್ಟು ಸುಡುವುದು ಇವನಿಗೇಕೆ ಗೊತ್ತಾಗುವುದಿಲ್ಲ ಎಂಬ ಪ್ರಶ್ನೆ ಅವನ ತಲೆಯಲ್ಲಿ ಬಂದದ್ದು ನಿಜ. ಆದರೆ ಒಂದು ರಿಕ್ಷಾ ಬಂದು ನಿಂತಿತು, ಡ್ರೈವರ್ ಅವಸರ ಮಾಡಿದ, ಪ್ರಶ್ನೆ ಅಲ್ಲಿಗೇ ಬಿಟ್ಟುಹೋಯಿತು.

"ಈಗ ಒಳ್ಳೇದಾಯ್ತ್" ಎಂದು ಮುತ್ತ ನಕ್ಕು ಹೊರಟ.

ಜನವರಿ ಮೊದಲ ವಾರ ಮುತ್ತ ಮತ್ತೆ ಬಂದದ್ದು ಹಾರನ್ ದುರಸ್ತಿಗೆ. ಭೋಜರಾಜ ಸ್ಕೂಟರನ್ನು ಒಳಗೆ ತಳ್ಳಲೆಂದು ಹ್ಯಾಂಡಲ್ ಹಿಡಿದಾಗ ಕೈಗೆ ಅಂಟಂಟು ತಾಗಿತು. ರಬ್ಬರಿನ ಮೇಲೆ ಬಿಳಿಯ ತೆಳ್ಳನೆಯ ಪೊರೆಯಂಥದ್ದು ಕಚ್ಚಿಕೊಂಡಿತ್ತು. ಮೀನಿನ ಚರ್ಮವೆಂದು ಉಗುರಿನಿಂದ ಕೆರೆದ. ಬೆಳಕಿಗೆ ಹಿಡಿದು ನೋಡಿದಾಗ ಮೀನಿನದಲ್ಲ ಎಂದು ತಿಳಿಯಿತು.

"ಮುತ್ತ, ಕೈ ತೋರ್ಸ್."

ಮುತ್ತ ಎರಡೂ ಅಂಗೈ ಬಿಚ್ಚಿದ. ಬೆರಳುಗಳ ಬುಡದಲ್ಲಿ ಬೊಬ್ಬೆಗಳೆದ್ದು ಒಡೆದಿದ್ದವು. ಎಡ ಅಂಗೈಯಲ್ಲಿ ಮೂರು ಬೆರಳಗಲ ಚರ್ಮ ಕಳಚಿ ಕೆಂಪು ಮಾಂಸ ಕಾಣುತ್ತಿತ್ತು. ಅಂಚಿನಲ್ಲಿ ಕೀವು.

"ಬಾಕ್ಸಿನ ಹಗ್ಗ ತಾಗಿ ಆದ್ದ್ ಇರ್ಕ್" ಎಂದ ಮುತ್ತ.

"ನೋಯ್ತಿಲ್ಯಾ ನಿಂಗೆ?"

"ಇಲ್ಲ ಮರ್ರೆ, ಒಂಚೂರೂ ಇಲ್ಲ."

ಅದನ್ನು ಅವನು ಒಳ್ಳೆಯ ಸುದ್ದಿ ಹೇಳುವವನ ಹಾಗೆ ಹೇಳಿದ. ಭೋಜರಾಜ ಹಾರನ್ ಮುಟ್ಟಲಿಲ್ಲ. ಅಂಗಡಿಯ ಶಟರ್ ಎಳೆದು, ಮುತ್ತನನ್ನು ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಕುಂದಾಪುರದ ಆಸ್ಪತ್ರೆಗೆ ಹೋದ.

ಅಲ್ಲಿನ ಡಾಕ್ಟರಮ್ಮ ಗಾಯ ನೋಡಿದರು. ಆಮೇಲೆ ಅಂಗಿ ಬಿಚ್ಚಿಸಿದರು. ಮೊಣಕೈ ಹತ್ತಿರ ಅಂಗೈಯಗಲದ ಮಾಸಲು ಕಲೆಯೊಂದಿತ್ತು. ಬೆನ್ನಿನಲ್ಲಿ ನಾಲ್ಕು. ಮೊಣಕೈಯ ಹಿಂದೆ ಬೆರಳಿಟ್ಟು ನರ ಒತ್ತಿ ನೋಡಿದರು. ಮುತ್ತನನ್ನು ಕಣ್ಣು ಮುಚ್ಚಲು ಹೇಳಿ, "ಹತ್ತಿಯಿಂದ ಮುಟ್ಟುತ್ತೇನೆ, ಮುಟ್ಟಿದಾಗ ಹೂಂ ಅನ್ನಿ" ಎಂದರು.

ಮುತ್ತ ಕಣ್ಣು ಮುಚ್ಚಿಕೊಂಡು ಕುಳಿತ. ಡಾಕ್ಟರಮ್ಮ ಕಿರುಬೆರಳು, ಉಂಗುರಬೆರಳು, ಅಂಗೈಯ ಅಂಚು, ಮೊಣಕೈಯ ಕಲೆ, ಎಲ್ಲ ಕಡೆ ಮುಟ್ಟಿದರು. ಎಂಟು ಸಲ ಮುಟ್ಟಿದ್ದನ್ನು ಗೋಡೆಗೊರಗಿ ನಿಂತಿದ್ದ ಭೋಜರಾಜ ಎಣಿಸಿದ. ಮುತ್ತ ಕಾಯುತ್ತಲೇ ಇದ್ದ. ಕೊನೆಗೆ ಕಣ್ಣು ತೆರೆಯದೆಯೇ ಕೇಳಿದ: "ಇನ್ನೂ ಸುರು ಮಾಡ್ಲಿಲ್ಯಾ ಮೇಡಂ?"

ಡಾಕ್ಟರಮ್ಮ ಹತ್ತಿಯನ್ನು ಕೆಳಗಿಟ್ಟರು. "ಚಳಿಯಿಂದ ಆದದ್ದಲ್ಲ ಇದು. ಕುಷ್ಠ. ಹೆದರಬೇಡಿ, ಗುಣವಾಗುವ ಕಾಯಿಲೆ. ಒಂದು ವರ್ಷ ಮಾತ್ರೆ ತಿನ್ನಬೇಕು, ಮಾತ್ರೆಗೆ ದುಡ್ಡು ಕೊಡಬೇಕಾಗಿಲ್ಲ. ಶುರು ಮಾಡಿದ ಮೇಲೆ ನಿಮ್ಮಿಂದ ಯಾರಿಗೂ ಹರಡುವುದಿಲ್ಲ. ಆದರೆ ನರ ಆಗಲೇ ಹಾಳಾಗಿದೆ. ಕೈಗೆ ಸ್ಪರ್ಶ ವಾಪಸು ಬರುತ್ತದೆಂದು ನಾನು ಹೇಳಲಾರೆ. ಎರಡು ವರ್ಷ ಮೊದಲೇ ಬರಬೇಕಿತ್ತು ನೀವು."

ಮುತ್ತ ಅಂಗಿಯ ಗುಂಡಿ ಹಾಕಲು ಪ್ರಯತ್ನಿಸುತ್ತಿದ್ದ. ಬೆರಳು ಮಾತು ಕೇಳುತ್ತಿರಲಿಲ್ಲ. "ಮೀನ್ ಮಾರುಕಾತ್ತಾ ಮೇಡಂ?" ಎಂದಷ್ಟೇ ಕೇಳಿದ.

"ಧಾರಾಳವಾಗಿ. ಗಾಯ ಒಣಗಲಿ. ಬಿಸಿಯಾದದ್ದು, ಚೂಪಾದದ್ದು, ಯಾವುದಕ್ಕೂ ಕೈಯನ್ನು ನಂಬಬೇಡಿ, ಕಣ್ಣಿಂದ ನೋಡಿ ಮುಟ್ಟಿ."

ಆಸ್ಪತ್ರೆಯ ಗೇಟಿನ ಹತ್ತಿರ ಮುತ್ತ ನಿಂತ. "ವನಜನ ಹತ್ರ ನಾನೇ ಹೇಳ್ತೆ. ಮತ್ಯಾರಿಗೂ ಗೊತ್ತಾಪುದ್ ಬ್ಯಾಡ ಭೋಜಣ್ಣ. ಮೀನ್ ಮಾರೂದ್ ನಾನ್. ಕೈಯಂಗೆ ಎತ್ತಿ ಕೊಡೂದ್."

"ನನ್ನ ಬಾಯಿಂದ ಹೊರಗೆ ಬತ್ತಿಲ್ಲ" ಎಂದ ಭೋಜರಾಜ. ಆಗ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

ಮುತ್ತ ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮೂರು ವಾರ ಮನೆಯಲ್ಲಿ ಕುಳಿತ. ಹೆಂಡತಿ ವನಜನನ್ನೂ ಮಗಳು ಧನ್ಯಶ್ರೀಯನ್ನೂ ಡಾಕ್ಟರು ಪರೀಕ್ಷಿಸಿದರು. ಇಬ್ಬರಿಗೂ ಏನೂ ಇರಲಿಲ್ಲ. ಮೀನು ಯಾಕೆ ಬರುತ್ತಿಲ್ಲವೆಂದು ದಾರಿಯ ಜನ ಕೇಳಿದಾಗ ಉತ್ತರ ತಾನಾಗಿ ಹುಟ್ಟಿತು: ಭೋಜಣ್ಣ ಹ್ಯಾಂಡಲಿಗೆ ಕರೆಂಟು ಕೊಟ್ಟು ಮುತ್ತನ ಕೈ ಸುಟ್ಟ. ಮುತ್ತ ಅದನ್ನು ಅಲ್ಲಗಳೆಯಲಿಲ್ಲ. ಅಲ್ಲಗಳೆದರೆ ಬೇರೊಂದು ಕಾರಣ ಹೇಳಬೇಕಾಗುತ್ತಿತ್ತು.

ಹೆಮ್ಮಾಡಿಯಲ್ಲಿ ತಮಾಷೆ ಶುರುವಾಯಿತು. "ಭೋಜಣ್ಣ, ನನ್ ಗಾಡಿ ಮುಟ್ರೆ ಶಾಕ್ ಹೊಡೂದಿಲ್ಲ ಅಲ್ದಾ?" ಎಂದು ನಗುತ್ತ ಚಾವಿ ಕೊಡುತ್ತಿದ್ದರು. ಕೆಲವರು ನಗದೆಯೇ ಕುಂದಾಪುರಕ್ಕೆ ಹೋದರು. ಹತ್ತು ವರ್ಷದ ಗಿರಾಕಿಯೊಬ್ಬ ಹೊಸ ಬೈಕನ್ನು ಅಂಗಡಿಯ ಮುಂದಿನಿಂದಲೇ ಬೇರೆಯವರಲ್ಲಿಗೆ ಓಡಿಸಿಕೊಂಡು ಹೋದ. ಭೋಜರಾಜ ನುಂಗಿಕೊಂಡ. ಕಪ್ಪು ಡಬ್ಬಿ ಕಳಚಿದ್ದು ತಾನೇ ಎಂಬುದು ಅವನಿಗೆ ಗೊತ್ತಿತ್ತು. ತಪ್ಪಿನಲ್ಲಿ ತನ್ನ ಪಾಲೆಷ್ಟು, ಕಾಯಿಲೆಯ ಪಾಲೆಷ್ಟು ಎಂದು ದಿನವಿಡೀ ತೂಗುತ್ತಿದ್ದ.

ಒಂದು ಭಾನುವಾರ ಅಕ್ಕನ ಮನೆಯ ಪಂಪಿನ ಸ್ಟಾರ್ಟರ್ ಕೆಟ್ಟಿದೆಯೆಂದು ಕೆರಾಡಿಗೆ ಹೋದ. ಕೆಲಸ ಮುಗಿಸಿ ಜಗುಲಿಯಲ್ಲಿ ಕುಳಿತಾಗ ಉಮಾವತಿ ಶುರು ಮಾಡಿದಳು. ಅವಳು ಬಾಯಿ ಜೋರಿನ ಹೆಂಗಸು, ಮನಸ್ಸು ಕೆಟ್ಟದ್ದಲ್ಲ.

"ಎಂತ ಭೋಜ, ಆ ಪಾಪದವನ ಕೈ ಸುಟ್ಟ್ ಹಾಕಿದ್ಯಂಬ್ರಲೆ! ಊರಂಗೆ ನಂಗೆ ಮುಖ ಎತ್ತುಕಾತಿಲ್ಲ. ಮುಂಬೈಯಂಗೆ ಹದ್ನಾಲ್ಕ್ ವರ್ಷ ಕಲ್ತದ್ದ್ ಇದೆಯಾ? ಒಂದ್ ಹ್ಯಾಂಡಲ್ ಕಟ್ಟುಕೆ ಬತ್ತಿಲ್ದಿದ್ರೆ ಬತ್ತಿಲ್ಲ ಅಂದೇಳಿ ಹೇಳುಕಾತಿರ್ಲಿಲ್ಯಾ?"

"ಅಕ್ಕ, ಸುಮ್ನಿರ್."

"ಎಂತಕ್ ಸುಮ್ನಿರ್ಕ್? ನಿನ್ನ್ ದೆಸೆಯಿಂದ ಅವನ ಹೊಟ್ಟಿಗೆ ಕಲ್ಲ್ ಬಿತ್ತಲೆ!"

"ನನ್ ವಯರಿಂಗಿಂದ ಅಲ್ಲ!" ಭೋಜರಾಜ ಎದ್ದು ನಿಂತಿದ್ದ. "ನನ್ ಕೆಲ್ಸ ಸಮ ಇತ್ತ್. ಅವನ ಕೈಗೇ ಬಿಸಿ ಗೊತ್ತಾತಿಲ್ಲ. ಅವಂಗೆ ಕುಷ್ಠ ಇತ್ತ್. ಡಾಕ್ಟ್ರೇ ಹೇಳಿದ್ರ್, ನಾನೇ ಕರ್ಕಂಡ್ ಹೋದ್ದ್!"

ಉಮಾವತಿಯ ಕೈ ತಾನಾಗಿ ಬಾಯಿಗೆ ಹೋಯಿತು. ಮಾತ್ರೆಯ ವಿಷಯ, ಹರಡುವುದಿಲ್ಲವೆಂದು ಡಾಕ್ಟರು ಹೇಳಿದ್ದು, ಮನೆಯವರಿಗೆಲ್ಲ ಪರೀಕ್ಷೆಯಾದದ್ದು, ಎಲ್ಲವನ್ನೂ ಭೋಜರಾಜ ಒಂದೇ ಉಸಿರಿಗೆ ಹೇಳಿದ. ಯಾರಿಗೂ ಹೇಳಬಾರದೆಂದು ಅವಳ ಮಕ್ಕಳ ಮೇಲೆ ಆಣೆ ಹಾಕಿಸಿದ. ಅವಳು ತಲೆಯಾಡಿಸಿದಳು, ಆದರೆ ಕಣ್ಣು ಅಡುಗೆಮನೆಯ ಕಡೆ, ಮೀನು ಕೊಯ್ಯುವ ಕತ್ತಿಯ ಕಡೆ ಹೋಗಿಬಿಟ್ಟಿತ್ತು.

ಫೆಬ್ರವರಿಯಲ್ಲಿ ಮುತ್ತ ಮತ್ತೆ ಮೀನು ತುಂಬಿಕೊಂಡು ಹೊರಟ. ಮೊದಲ ದಿನ ಮಧ್ಯಾಹ್ನ ಸ್ಕೂಟರನ್ನು ಭೋಜರಾಜನ ಅಂಗಡಿಯೆದುರು ನಿಲ್ಲಿಸಿ ಬೆಂಚಿನ ಮೇಲೆ ಕುಳಿತ. ಪೆಟ್ಟಿಗೆಯಿಂದ ಐಸಿನ ನೀರು ಒಂದೇ ಸಮನೆ ಸೋರುತ್ತಿತ್ತು. ಮುಚ್ಚಳ ತೆಗೆದು ತೋರಿಸಿದ. ಬಂಗುಡೆ ಹೆಚ್ಚುಕಡಿಮೆ ಬಂದರಿನಲ್ಲಿ ತುಂಬಿದ ಹಾಗೇ ಇತ್ತು.

"ವಂಡ್ಸೆ ದಾಟುವಲ್ಲಿವರೆಗೆ ನಾಕ್ ಮನಿಯವ್ರ್ ತಕಂಡ್ರ್. ಮತ್ತೆ ಹಾರನ್ ಹೊಡದ್ರೆ ಯಾರೂ ಹೊರ್ಗೆ ಬರ್ಲಿಲ್ಲ. ಬಾಗಿಲ್ ಹಿಂದೆ ನಿಂತದ್ದ್ ಕಾಂತಿತ್ತ್. ಕೆರಾಡಿಯಂಗೆ ಮಕ್ಳನ್ನ ಒಳ್ಗೆ ಕರ್ದ್ರ್." ಅವನು ಮುಖ ಎತ್ತಿದ. "ನೀವ್ ಹೇಳ್ದ್ರಾ?"

ಬೇರೆ ಯಾರಿಂದಲೋ ಗೊತ್ತಾಗಿರಬೇಕು, ಆಸ್ಪತ್ರೆಯಲ್ಲಿ ಯಾರೋ ನೋಡಿರಬೇಕು ಎನ್ನುವ ಮಾತು ಭೋಜರಾಜನ ನಾಲಿಗೆಯ ತುದಿಗೆ ಬಂತು.

"ಹೌದ್. ಅಕ್ಕನ ಹತ್ರ ಬಾಯಿ ಬಿಟ್ಟೆ. ಎಲ್ರೂ ನನ್ ಕೆಲ್ಸಕ್ಕೆ ಹೆಸ್ರಿಡ್ತಿದ್ರ್, ತಡ್ಕಣುಕಾಯ್ಲಿಲ್ಲ."

ಮುತ್ತ ಪೆಟ್ಟಿಗೆಯ ಮುಚ್ಚಳ ಹಾಕಿದ. ಆಮೇಲೆ ಹೇಳಿದ: "ಜನ ನಿಮ್ಮನ್ನ ಬೈವತಿಗೆ ನಾನ್ ಬಾಯಿ ಮುಚ್ಕಂಡ್ ಕೂಕಂಡಿದ್ದೆ. ನಿಮ್ ತಪ್ಪಲ್ಲ ಅಂದೇಳಿ ಒಂದ್ ಮಾತ್ ಹೇಳ್ಲಿಲ್ಲ. ಅದ್ ನನ್ ತಪ್ಪ್. ಇದ್ ನಿಮ್ದ್. ಸಮ ಆಯ್ತ್ ಬಿಡಿ."

ಸಮವಾಗಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಒಬ್ಬನಿಗೆ ಹೋದದ್ದು ನಾಲ್ಕು ಗಿರಾಕಿ, ಇನ್ನೊಬ್ಬನಿಗೆ ಇಡೀ ದಾರಿ.

"ಈ ಹಿಡಿ ತೆಗ್ದ್ ಹಳೆ ನಮೂನಿದ್ ಹಾಕಿ ಕೊಡಿ" ಎಂದ ಮುತ್ತ. ಭೋಜರಾಜ ಅಲ್ಲೇ ಕುಳಿತು ತಾನು ಹಾಕಿದ ಬೆಸುಗೆಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿದ.

ಮರುದಿನ ಅವನು ಅಂಗಡಿ ತೆರೆಯಲಿಲ್ಲ. ಮುತ್ತ ಬೇಡವೆಂದರೂ ಕೇಳದೆ ತನ್ನ ಬೈಕಿನಲ್ಲಿ ಅವನ ಸ್ಕೂಟರಿನ ಮುಂದೆ ಹೊರಟ. ಪ್ರತಿ ಮನೆಯ ಅಂಗಳದಲ್ಲಿ ನಿಂತು ಡಾಕ್ಟರು ಹೇಳಿದ್ದನ್ನು ಹೇಳಿದ. ಮಾತ್ರೆಯ ಚೀಟಿ ತೋರಿಸಿದ. ನಾನೇ ಇವನ ಮೀನು ತಿನ್ನುತ್ತೇನೆ ಎಂದ. ಅವನ ಎದುರು ಯಾರೂ ಇಲ್ಲವೆನ್ನಲಿಲ್ಲ. "ಅಯ್ಯೋ, ನಾವೆಂತ ಹಾಂಗೆಲ್ಲ ಕಾಂತಿಲ್ಲ ಮರ್ರೆ" ಎನ್ನುತ್ತ ಪಾತ್ರೆ ತಂದರು. ಉಮಾವತಿಯೂ ತಂದಳು, ಎಂದಿಗಿಂತ ಹೆಚ್ಚೇ ತೆಗೆದುಕೊಂಡಳು. ಪೆಟ್ಟಿಗೆ ಮುಕ್ಕಾಲು ಖಾಲಿಯಾಯಿತು. ಮುತ್ತನ ಮುಖ ಸ್ವಲ್ಪ ಬೆಳಗಿತು. ಎರಡು ಸಲ ಹಾಗೆ ಹೋದರು.

ಮೂರನೆಯ ಸಲ, ಮುತ್ತ ರಸ್ತೆಯಲ್ಲಿ ಕಾಯುತ್ತಿರುವಾಗ, ಭೋಜರಾಜ ಪಂಪಿನ ಸ್ವಿಚ್ ನೋಡಲೆಂದು ಅಕ್ಕನ ಮನೆಯ ಹಿತ್ತಿಲಿಗೆ ಹೋದ. ಗೊಬ್ಬರದ ಗುಂಡಿಯಲ್ಲಿ ಕಾಗೆಗಳು ಕಚ್ಚಾಡುತ್ತಿದ್ದವು. ಹತ್ತಿರ ಹೋಗಿ ನೋಡಿದ. ಹಿಂದಿನ ಸಲ ಕೊಂಡ ಬಂಗುಡೆ, ಕೊಯ್ಯದೆ, ತೊಳೆಯದೆ, ಹಾಗೇ ಬಿದ್ದಿತ್ತು.

ಉಮಾವತಿ ಹಿಂಬಾಗಿಲಿನಲ್ಲಿ ನಿಂತಿದ್ದಳು. "ನಿನ್ ಮುಖ ಕಂಡ್ ತಕಂಡದ್ದ್ ಭೋಜ. ದುಡ್ಡ್ ಕೊಟ್ಟಿದ್ದೆ ಅಲ್ದಾ. ಆದ್ರೆ ತಿಂಬುಕೆ ಮನಸ್ ಬತ್ತಿಲ್ಲ. ಎಂತ ಮಾಡ್ಲಿ?"

ಭೋಜರಾಜ ಸ್ವಿಚ್ ನೋಡದೆ ಹೊರಟ. ತಿರುಗಿ ಬಂದಾಗ ಮುತ್ತ ರಸ್ತೆಯಲ್ಲಿ ನಿಂತ ಜಾಗದಿಂದಲೇ ಕಾಗೆಗಳನ್ನು ನೋಡುತ್ತಿದ್ದ. ಮೀನು ಮಾರುವವನಿಗೆ ಕಾಗೆಯ ಗಲಾಟೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. "ಹೋಪ" ಎಂದ. ಅದಾದ ಮೇಲೆ ಅವನು ಆ ದಾರಿಗೆ ಹೋಗಲಿಲ್ಲ. ಭೋಜರಾಜ ಅಕ್ಕನ ಮನೆಯಲ್ಲಿ ನೀರು ಕೂಡ ಕುಡಿದಿಲ್ಲ.

ಮುತ್ತ ಹನ್ನೆರಡು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದ. ಮಾತ್ರೆಯಿಂದ ಮೈಬಣ್ಣ ಕಪ್ಪುಗಟ್ಟಿತು. ಕಾಯಿಲೆ ಗುಣವಾಗುತ್ತಿದ್ದಂತೆ ಅದನ್ನು ಗುರುತು ಹಿಡಿಯುವವರೂ ಹೆಚ್ಚಾದರು. ವನಜ ಬಂದರಿನಲ್ಲಿ ಶೆಟ್ಲಿ, ಅಂದರೆ ಸೀಗಡಿ, ಸುಲಿಯುವ ಕೆಲಸಕ್ಕೆ ಹೋದಳು. ಅಲ್ಲಿಗೂ ಮಾತು ತಲುಪಿದಾಗ ಅವಳನ್ನು ಬೇರೆ ಕೂರಿಸಿದರು, ಅವಳು ಬಿಟ್ಟಳು. ಈಗ ತ್ರಾಸಿಯಲ್ಲಿ ಲಾಡ್ಜೊಂದರ ಬಟ್ಟೆ ಒಗೆಯುತ್ತಾಳೆ. ಕುಂದಾಪುರದಲ್ಲಿ ಡಿಗ್ರಿ ಓದುವ ಧನ್ಯಶ್ರೀ, ವಂಡ್ಸೆ ಕಡೆಯ ಹುಡುಗಿಯರು ಬರುವ ಬಸ್ಸನ್ನು ಬಿಟ್ಟು ಒಂದು ಗಂಟೆ ಮೊದಲಿನ ಬಸ್ಸಿಗೆ ಹೋಗುತ್ತಾಳೆ. ಆ ಹಿಡಿಗಳನ್ನು ತರಿಸಿದ್ದು ತಾನೆಂದು ಅವಳು ಅತ್ತದ್ದನ್ನು ಮುತ್ತನೇ ಒಮ್ಮೆ ಹೇಳಿದ. ತರಿಸದಿದ್ದರೆ ಕಾಯಿಲೆ ಇನ್ನೆರಡು ವರ್ಷ ಗೊತ್ತಾಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ಅವಳಿಗೆ ತಿಳಿಸಿ ಹೇಳಬೇಕಾಯಿತಂತೆ.

ಕಾಯಿಲೆ ಪೂರ್ತಿ ಹೋಗಿದೆಯೆಂದು ಬರೆದ ಕಾಗದ ಮುತ್ತನ ಹತ್ತಿರ ಇದೆ. ಎಡಗೈಯ ಎರಡು ಬೆರಳು ಮಡಚಿದಂತೆಯೇ ಉಳಿದಿವೆ. ಈಗ ಅವನು ಉಪ್ಪುಂದದ ಹತ್ತಿರ ಹಿನ್ನೀರಿನ ಶೆಟ್ಲಿ ಕೆರೆಯೊಂದರ ಕಾವಲುಗಾರ. ಕೆರೆಯ ದಂಡೆಯ ಶೆಡ್ಡಿನಲ್ಲೇ ವಾಸ. ತಿಂಗಳಿಗೆರಡು ಸಲ ಮನೆಗೆ ಹೋಗುತ್ತಾನೆ.

ಈ ವರ್ಷ ಮಳೆ ಕಳೆದ ಮೇಲೆ ಭೋಜರಾಜ ಅವನನ್ನು ನೋಡಲು ಹೋದ. ಗಿರಿಜಾ ಎಷ್ಟೋ ತಿಂಗಳಿಂದ ಹೇಳುತ್ತಿದ್ದಳು. ಮುತ್ತ ಪ್ಲಾಸ್ಟಿಕ್ ಕುರ್ಚಿ ಎಳೆದು, "ಕೂಕಣಿ" ಎಂದ. ಚಹಾ ಮಾಡಿ ಕೊಟ್ಟ. ಮಳೆ, ಶೆಟ್ಲಿಗೆ ಬರುವ ರೋಗ, ಬೈಂದೂರಿನ ಬಸ್ಸು, ಹೀಗೆ ಏನೇನೋ ಮಾತಾಡಿದರು. ಕೊನೆಗೆ ಭೋಜರಾಜನಿಗೆ ತಡೆಯಲಾಗಲಿಲ್ಲ.

"ನನ್ ಮೇಲೆ ಇನ್ನೂ ಸಿಟ್ಟಿತ್ತಾ ಮುತ್ತ?"

ಮುತ್ತ ಕೆರೆಯ ಕಡೆ ನೋಡಿದ. ಯೋಚಿಸಿಯೇ ಹೇಳಿದ.

"ಇತ್ತ್ ಭೋಜಣ್ಣ. ಹೋಯ್ಕಂದೇಳಿ ಕಾಂತೆ, ಹೋತಿಲ್ಲ."

ಭೋಜರಾಜ ತಲೆಯಾಡಿಸಿದ. ನೀರಿಗೆ ಗಾಳಿ ಹೊಡೆಯುವ ಎರಡು ಮೋಟಾರುಗಳಲ್ಲಿ ಒಂದು ಆಗಾಗ ನಿಲ್ಲುತ್ತದೆಂದು ಮುತ್ತ ಹೇಳಿದ್ದ. ಭೋಜರಾಜ ಎದ್ದು ಹೋಗಿ ಅದರ ಡಬ್ಬಿ ಬಿಚ್ಚಿದ. ಒಂದು ವಯರು ಉಪ್ಪು ಹಿಡಿದು ಹಸಿರಾಗಿತ್ತು. ತುದಿ ಕತ್ತರಿಸಿ ಹೊಸದಾಗಿ ಜೋಡಿಸಿದ. ಮುತ್ತ ಪಕ್ಕದಲ್ಲಿ ನಿಂತು ಟಾರ್ಚು ಹಿಡಿದ. ಮೋಟಾರು ತಿರುಗಿ ನೀರು ನೊರೆಯೆದ್ದಾಗ ಮುತ್ತ ಶೆಟ್ಲಿಗೆ ಹಾಕುವ ತಿಂಡಿಯ ಬಕೇಟು ತೆಗೆದುಕೊಂಡು ದಂಡೆಯ ಮೇಲೆ ಆಚೆ ನಡೆದ. ಭೋಜರಾಜ ಬೈಕು ಹತ್ತಿ ಹೆಮ್ಮಾಡಿಗೆ ಹೊರಟ.